76 ಪರ್ಸೆಂಟ್, ಖಾಲಿ ಲ್ಯಾಬು, ಬೇಸಿಗೆ ಸಂಶೋಧನೆಗೆ ಅರ್ಜಿ

ಪ್ರಶ್ನೆ: ನಮಸ್ಕಾರ ಸರ್. ನಾನು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಬದಿಯ ಊರಿನವಳು. ಬಿಎಸ್ಸಿ ಮೂರನೇ ಸೆಮಿಸ್ಟರ್, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಬೇಸಿಗೆ ರಜೆಯಲ್ಲಿ ವಿಜ್ಞಾನಿಗಳ ಕೈಕೆಳಗೆ ಎರಡು ತಿಂಗಳು ಸಂಶೋಧನೆ ಮಾಡುವ ಫೆಲೋಶಿಪ್ ಇದೆ, ಅರ್ಜಿ ಹಾಕು ಅಂತ ನಮ್ಮ ಮೇಡಂ ಹೇಳುತ್ತಿದ್ದಾರೆ. ಇದುವರೆಗೆ ನನ್ನದು 76 ಪರ್ಸೆಂಟ್. ಹತ್ತನೇ ತನಕ ಕನ್ನಡ ಮಾಧ್ಯಮ, ಇಂಗ್ಲಿಷಿನಲ್ಲಿ ಬರೆಯಲು ಹೆದರಿಕೆ. ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಒಂದು ಪ್ರಾಜೆಕ್ಟನ್ನೂ ಮಾಡಿಲ್ಲ. ಅರ್ಜಿಯಲ್ಲಿ ನನ್ನ ಬಗ್ಗೆ ಏನು ಬರೆಯಲಿ? ಶಿಫಾರಸು ಪತ್ರ ಯಾರಿಂದ ಪಡೆಯಲಿ? ಮೇಡಂ ಅತಿಥಿ ಉಪನ್ಯಾಸಕಿ, ಅವರ ಪತ್ರ ನಡೆಯುತ್ತದೆಯೇ? ಅಪ್ಪನದು ಗಜನಿ, ಅಂದರೆ ಉಪ್ಪುನೀರು ಬರುವ ಗದ್ದೆಯ ಬೇಸಾಯ, ಅಮ್ಮ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸಿ ಮಾರುತ್ತಾರೆ. ಎರಡು ತಿಂಗಳು ಬೆಂಗಳೂರಿಗೆ ಅಂದರೆ ಮನೆಯಲ್ಲಿ ಒಪ್ಪುವುದೂ ಕಷ್ಟ. ಇದೆಲ್ಲ ನನ್ನಂಥವರಿಗೆ ಅಲ್ಲವೇನೋ ಅನ್ನಿಸುತ್ತದೆ.

ಉತ್ತರ: ಹಾಕು ತಂಗಿ. ನಿನ್ನ ಪತ್ರದ ಕೊನೇ ಸಾಲಿಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ನಿನ್ನಂಥವರಿಗೇ ಇರುವುದು. ಸಮಾಧಾನಕ್ಕೆ ಹೇಳುವ ಮಾತಲ್ಲ. ಐಸರ್, ಐಐಎಸ್ಸಿಯಂಥ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ ಓದುವ ಹುಡುಗನಿಗೆ ತರಗತಿಯಿಂದ ಹೊರಗೆ ಕಾಲಿಟ್ಟರೆ ಸಾಕು, ಎದುರಿಗೇ ಸಂಶೋಧನಾ ಲ್ಯಾಬು. ಬೇಸಿಗೆ ಫೆಲೋಶಿಪ್ ಸಿಗದಿದ್ದರೆ ಅವನು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕರಾವಳಿಯ ಪದವಿ ಕಾಲೇಜುಗಳಲ್ಲಿ ಓದುವವರಿಗೆ ಹಾಗಲ್ಲ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ನಾಲ್ಕನೇ ವರ್ಷದ ಆನರ್ಸ್‌ನಲ್ಲಿ ಸಂಶೋಧನೆ ಮಾಡುವ ದಾರಿಯೂ ಮುಚ್ಚಿತು. ನಿನಗೆ ಉಳಿದಿರುವುದು ಈ ಎರಡನೇ ವರ್ಷದ ಬೇಸಿಗೆಯೇ. ಮೂರನೇ ವರ್ಷ ಮುಗಿಯುವ ಹೊತ್ತಿಗೆ ಎಂಎಸ್ಸಿ ಪ್ರವೇಶ ಪರೀಕ್ಷೆಗಳ ಗಡಿಬಿಡಿಯಲ್ಲಿ ಇರುತ್ತೀಯ.

ಎಲ್ಲಿಗೆಲ್ಲ ಹಾಕಬಹುದು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಅದು ಹುಡುಕಿದರೆ ಸಿಗುವ ಮಾಹಿತಿ. ದೇಶದಲ್ಲಿ ದೊಡ್ಡದು ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ, ಪ್ರಯಾಗರಾಜದ ನಾಸಿ, ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ, ಶಿಷ್ಯವೇತನ, ಕೊನೆಗೊಂದು ವರದಿ. ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು, ನಿನ್ನ ಮೇಡಂಗೂ ಹೇಳು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದು ಬೇರೆ ಬೇಸಿಗೆ ಫೆಲೋಶಿಪ್ ಇದೆ. ಅಲ್ಲಿಯೇ ಬಿಎಸ್ಸಿ ಮೊದಲ ವರ್ಷದವರನ್ನು ಆರಿಸಿಕೊಂಡು ಸಾಲಾಗಿ ಮೂರು ಬೇಸಿಗೆ ಕಲಿಸುವ ಪೋಬ್ ಮತ್ತು ಪೋಸ್ ಎಂಬ ಕಾರ್ಯಕ್ರಮಗಳಿವೆ, ಮೊದಲನೆಯದು ಜೀವಶಾಸ್ತ್ರಕ್ಕೆ, ಎರಡನೆಯದು ರಸಾಯನಶಾಸ್ತ್ರಕ್ಕೆ. ನಿನಗೆ ಅದು ದಾಟಿಹೋಯಿತು. ಆದರೆ ನಿನ್ನ ಕಾಲೇಜಿನ ಮೊದಲ ವರ್ಷದವರ ಕಿವಿಗೆ ಹಾಕು, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಗಣಿತದವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರ ಇದೆ, ಅದು ಸಂಶೋಧನೆಗಿಂತ ತರಬೇತಿ, ಆದರೆ ಗಟ್ಟಿ ತರಬೇತಿ. ಕಾರವಾರದ ಮೆಡಿಕಲ್ ಕಾಲೇಜಿನಲ್ಲಿ ಗೆಳತಿಯರಿದ್ದರೆ ಅವರಿಗೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿ ಯೋಜನೆ, ಅದರಲ್ಲಿ ತಮ್ಮ ಕಾಲೇಜಿನ ಅಧ್ಯಾಪಕರನ್ನೇ ಗೈಡ್ ಮಾಡಿಕೊಳ್ಳುವುದು. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡಾ ಒಂದರಲ್ಲಿ ಬಂದು ಕೇಂದ್ರ ಸರಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುತ್ತಿರುವ ಸಹಪಾಠಿಗಳಿದ್ದರೆ ಅವರಿಗೂ ಒಂದು ಮಾತು: ವರ್ಷಕ್ಕೆ 80,000 ರೂಪಾಯಿ ಅನ್ನುತ್ತಾರಲ್ಲ, ಅದರಲ್ಲಿ 60,000 ವಿದ್ಯಾರ್ಥಿವೇತನ, ಉಳಿದ 20,000 ಬೇಸಿಗೆ ಪ್ರಾಜೆಕ್ಟ್ ಮಾಡುವುದಕ್ಕೇ ಇಟ್ಟದ್ದು.

ಇವುಗಳಲ್ಲಿ ಹೆಚ್ಚಿನವಕ್ಕೆ ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ. ಚೌತಿ ಮುಗಿದು ದೀಪಾವಳಿ ಬರುವಷ್ಟರಲ್ಲಿ ಒಂದೊಂದೇ ಅಧಿಸೂಚನೆ ಹೊರಬೀಳುತ್ತದೆ, ಹೊಸ ವರ್ಷದ ಸುಮಾರಿಗೆ ಬಾಗಿಲು ಹಾಕುತ್ತದೆ. ಮಾರ್ಚಿನಲ್ಲಿ ನೆನಪಾಗಿ ಫೋನು ಮಾಡುವವರೇ ಜಾಸ್ತಿ. ದಿನಾಂಕ, ಕನಿಷ್ಠ ಅಂಕ, ಯಾವ ವರ್ಷದವರು ಅರ್ಹರು ಅನ್ನುವುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಓದು. ಸೀನಿಯರ್ ಹೇಳಿದ್ದು, ವಾಟ್ಸಾಪಿನಲ್ಲಿ ಬಂದ ಪಟ್ಟಿ, ಯಾವುದನ್ನೂ ನಂಬಬೇಡ.

76 ಪರ್ಸೆಂಟ್ ವಿಷಯ. ಅಂಕ ಬಾಗಿಲ ತನಕ ಬರುತ್ತದೆ, ಒಳಗೆ ಬರುವುದಿಲ್ಲ. ಕನಿಷ್ಠ ಮಿತಿ ದಾಟಿದ ಅರ್ಜಿಗಳ ರಾಶಿ ಮುಂದಿಟ್ಟುಕೊಂಡು ಕೂತವರಿಗೆ 76ಕ್ಕೂ 84ಕ್ಕೂ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಬೇರೆ ಬೇರೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಎಷ್ಟು ಬೇರೆ ಅಂತ ಅವರಿಗೆ ಗೊತ್ತಿದೆ. ನಾನೂ ಇಂಥ ಅರ್ಜಿಗಳನ್ನು ಓದಿದವನೇ. ಮಧ್ಯಾಹ್ನದ ಊಟ ಆದ ಮೇಲೆ ಓದುತ್ತಾ ಹೋದರೆ ಮೂರನೆಯದೂ ಮೂವತ್ತನೆಯದೂ ಒಂದೇ ಥರ: 'ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ದೊರೆತರೆ ನನ್ನ ಜ್ಞಾನ ವೃದ್ಧಿಯಾಗಿ ದೇಶಸೇವೆಗೆ ಅನುಕೂಲವಾಗುತ್ತದೆ.' ಇದನ್ನು ಬರೆದವರಲ್ಲಿ ಜಾಣರು ಇದ್ದೇ ಇರುತ್ತಾರೆ. ಆದರೆ ಗುರುತು ಹಿಡಿಯುವುದು ಹೇಗೆ? ಇತ್ತೀಚೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇದೇ ಮಾತು ವ್ಯಾಕರಣದೋಷವಿಲ್ಲದೆ ಬರುತ್ತದೆ, ಅಷ್ಟೇ ಬದಲಾವಣೆ.

ಓದುವವರು ಹುಡುಕುವುದು ಒಂದನ್ನೇ: ಈ ಹುಡುಗಿ ಏನನ್ನಾದರೂ ತಾನಾಗಿ ನಿಂತು ನೋಡಿದ್ದಾಳೆಯೇ, ನೋಡಿದ್ದರಲ್ಲಿ ಅರ್ಥವಾಗದ್ದು ಯಾವುದು ಅಂತ ಅವಳಿಗೆ ತಿಳಿದಿದೆಯೇ. ಆಸಕ್ತಿಯ ಹೇಳಿಕೆ ಎಷ್ಟೇ ಉದ್ದ ಇರಲಿ, ಈ ಎರಡು ಸಾಲಿಗೆ ಸಮ ಆಗುವುದಿಲ್ಲ. ಇವು ನಿನಗೆ ಮನೆಬಾಗಿಲಲ್ಲೇ ಸಿಗುತ್ತವೆ. ನೀನು 'ಏನೂ ಇಲ್ಲ' ಅಂತ ಬರೆದ ಪತ್ರದಲ್ಲೇ ಗಜನಿ ಇದೆ, ಬಳಚು ಇದೆ. ಅಘನಾಶಿನಿ ಅಳಿವೆ 2024ರಲ್ಲಿ ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು, ದೂರದ ಊರಿನ ವಿಜ್ಞಾನಿಗಳು ರೈಲು ಹತ್ತಿ ನೋಡಲು ಬರುವ ಜಾಗ ಅದು.

ಹಾಗಂತ 'ನಾನು ಅಘನಾಶಿನಿಯ ಮಡಿಲಲ್ಲಿ ಬೆಳೆದವಳು, ನನ್ನ ತಾಯಿ ಬಳಚು ಆರಿಸಿ ನನ್ನನ್ನು ಓದಿಸಿದಳು' ಅಂತ ಬರೆದರೆ ಅದು ಕತೆಯಾಗುತ್ತದೆ, ಅರ್ಜಿಯಾಗುವುದಿಲ್ಲ. ಕಷ್ಟ ಹೇಳಿಕೊಂಡವರನ್ನು ಕಂಡು ಮರುಗುವವರು ಇರಬಹುದು. ಆದರೆ ಆರಿಸಲು ಕೂತವರು ಅಲ್ಲಿ ಮರುಗಲು ಕೂತಿರುವುದಿಲ್ಲ. ಊರನ್ನು ಪ್ರಶ್ನೆಯಾಗಿ ಮಾಡು. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಳೆಗಾಲ ಕಳೆದ ಮೇಲೆ ಸಣ್ಣ ಬಳಚು, ಬೇಸಿಗೆ ಹೊತ್ತಿಗೆ ದೊಡ್ಡದು ಅಂತಲೋ, ಈ ದಿಬ್ಬದಲ್ಲಿ ಸಿಗುತ್ತದೆ ಆ ದಿಬ್ಬದಲ್ಲಿ ಇಲ್ಲ ಅಂತಲೋ ಅಮ್ಮ ಮಾತಿನ ನಡುವೆ ಹೇಳಿರುತ್ತಾರೆ. ಅದನ್ನು ಅಳೆಯಲು ಏನು ಬೇಕು? ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದೇ ಇದೆ, ವರ್ಷಕ್ಕೆ ಒಂದು ದಿನ ಗುಂಡಿನ ವ್ಯಾಸ ಅಳೆಯಲು ಹೊರಬರುತ್ತದೆ, ಮತ್ತೆ ಕಪಾಟಿಗೆ. ಅದನ್ನು ಕೇಳಿ ತಗೋ. ಅಮಾವಾಸ್ಯೆ-ಹುಣ್ಣಿಮೆಗೆ ನೀರು ಹೆಚ್ಚು ಇಳಿಯುತ್ತದೆ ಅಂತ ನಿಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆ ದಿನ ಅಮ್ಮನ ಜೊತೆ ಹೋಗು, ಚಿಪ್ಪಿನ ಉದ್ದ ಅಳೆ, ಬರೆದುಕೋ.

ಇಲ್ಲೊಂದು ಸೂಕ್ಷ್ಮ ಇದೆ. ಅಮ್ಮನ ಬುಟ್ಟಿಯಲ್ಲಿದ್ದುದನ್ನು ಅಳೆದರೆ ನೀನು ಹೊಳೆಯನ್ನು ಅಳೆದ ಹಾಗಾಗಲಿಲ್ಲ, ಅಮ್ಮನ ಕೈಯನ್ನು ಅಳೆದ ಹಾಗಾಯಿತು. ಅವರು ಸಣ್ಣದನ್ನು ಬಿಟ್ಟು ದೊಡ್ಡದನ್ನೇ ಆರಿಸಿರುತ್ತಾರೆ, ಯಾಕೆಂದರೆ ಮಾರಾಟ ಆಗುವುದು ಅದು. ಬಿದಿರಿನ ದಬ್ಬೆಯಲ್ಲೋ ಪೈಪಿನಲ್ಲೋ 25 ಸೆಂಟಿಮೀಟರ್ ಚೌಕಟ್ಟು ಮಾಡಿಕೋ. ಅದನ್ನು ಕಣ್ಣುಮುಚ್ಚಿ ಎಸೆದಂತೆ ಬೇರೆ ಬೇರೆ ಕಡೆ ಇಟ್ಟು, ಪ್ರತಿ ಸಲ ಒಂದೇ ಆಳಕ್ಕೆ ಬಗೆದು, ಒಂದೇ ಜರಡಿಯಲ್ಲಿ ಜಾಲಿಸಿ, ಸಿಕ್ಕಿದ್ದೆಲ್ಲವನ್ನೂ, ಸಾಸಿವೆಯಷ್ಟು ಸಣ್ಣದನ್ನೂ, ಎಣಿಸಿ ಅಳೆದು ವಾಪಸ್ ಬಿಡು. ಬುಟ್ಟಿಯ ಅಳತೆಯನ್ನೂ ಬೇರೆ ಪುಟದಲ್ಲಿ ಇಡು. ಈಗ ಎರಡು ಪಟ್ಟಿ ಆಯಿತು: ಹೊಳೆಯಲ್ಲಿ ಏನಿದೆ, ಬುಟ್ಟಿಗೆ ಏನು ಹೋಗುತ್ತಿದೆ. ಈ ಎರಡರ ನಡುವಿನ ಅಂತರವೇ ಮೀನುಗಾರಿಕೆ ವಿಜ್ಞಾನದ ದೊಡ್ಡ ತಲೆನೋವು. ಎರಡನೇ ವರ್ಷದ ಹುಡುಗಿಗೆ ಅದು ತಾನಾಗಿ ಹೊಳೆದಿದೆ ಅಂದರೆ ಓದುವವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದುತ್ತಾರೆ.

ಈಗ ಶುರು ಮಾಡಿದರೆ ಅರ್ಜಿಯ ಕೊನೇ ದಿನಕ್ಕೆ ಆರೇಳು ಸಲದ ಲೆಕ್ಕ ಸಿಗುತ್ತದೆ, ಸಾಕು. ಆಗ ಅರ್ಜಿಯಲ್ಲಿ ನಿನ್ನ ಬಗ್ಗೆ ಬರೆಯುವ ಹೇಳಿಕೆ ಹೀಗೆ ಬರಬಹುದು:

'ಅಘನಾಶಿನಿ ಅಳಿವೆಯ ಒಂದು ದಿಬ್ಬದಲ್ಲಿ ಸೆಪ್ಟೆಂಬರಿನಿಂದ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಇಳಿತದ ಹೊತ್ತಿಗೆ ಬಳಚಿನ ಚಿಪ್ಪಿನ ಉದ್ದ ಅಳೆಯುತ್ತಿದ್ದೇನೆ. ಚೌಕಟ್ಟು ಇಟ್ಟು ಬಗೆದಾಗ ಸಿಗುವ ಚಿಪ್ಪುಗಳಿಗೂ ಆರಿಸುವವರ ಬುಟ್ಟಿಯಲ್ಲಿರುವುದಕ್ಕೂ ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದೆ. ತಿಂಗಳಿಂದ ತಿಂಗಳಿಗೆ ಸರಾಸರಿ ಬದಲಾಗುತ್ತಿದೆ. ಇದು ಬೆಳವಣಿಗೆಯೋ, ಹೊಸ ಮರಿಗಳು ಸೇರುವುದೋ, ದೊಡ್ಡದನ್ನು ತೆಗೆದದ್ದರ ಪರಿಣಾಮವೋ ನನಗೆ ಬೇರ್ಪಡಿಸಲು ಆಗುತ್ತಿಲ್ಲ. ಚಿಪ್ಪಿನ ಬೆಳವಣಿಗೆಯ ಗೆರೆ ಓದುವುದನ್ನೂ ಇಂಥ ಅಂಕಿಅಂಶ ವಿಶ್ಲೇಷಿಸುವುದನ್ನೂ ಕಲಿಯಬೇಕಾಗಿದೆ.'

ನೋಡು, ಇದರಲ್ಲಿ 'ಆಸಕ್ತಿ' ಅನ್ನುವ ಶಬ್ದವೇ ಇಲ್ಲ. ನಿನಗೆ ಏನು ಗೊತ್ತಿಲ್ಲ ಅನ್ನುವುದು ಸ್ಪಷ್ಟವಾಗಿದೆ, ಅದನ್ನು ಕಲಿಸುವವರು ಯಾರು ಅಂತ ಆರಿಸುವವರಿಗೆ ತಕ್ಷಣ ತಿಳಿಯುತ್ತದೆ. ಈ ಸಾಲುಗಳನ್ನೇ ನಕಲು ಮಾಡಬೇಡ, ನಿನ್ನ ಪುಸ್ತಕದಲ್ಲಿ ಬೇರೆಯೇ ಬಂದಿರಬಹುದು. ಬಂದದ್ದನ್ನು ಬರೆ. ವ್ಯತ್ಯಾಸ ಕಾಣಲೇ ಇಲ್ಲ ಅಂದರೆ ಕಾಣಲಿಲ್ಲ ಅಂತಲೇ ಬರೆ. ಸಂದರ್ಶನ ಇದ್ದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ, ಅಳೆಯದವರು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ.

ಹೊಳೆಗಿಂತ ಗದ್ದೆ ಇಷ್ಟ ಅಂತಾದರೆ ಅಪ್ಪನ ಕಗ್ಗ ಭತ್ತ ಇದೆ. ಉಪ್ಪುನೀರು ತಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಉಪ್ಪು ಅಂತ ಕೇಳಿದರೆ ಊರಲ್ಲಿ ಯಾರ ಬಳಿಯೂ ಅಂಕಿ ಇರುವುದಿಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀನು ಸೊನ್ನೆ, 5, 10, 15 ಗ್ರಾಂ ಹಾಕಿ ನಾಲ್ಕು ದ್ರಾವಣ ಮಾಡು. ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಕಗ್ಗದ 50 ಬೀಜ, ಇನ್ನೊಂದರಲ್ಲಿ ಜಯಾ ಎಂಬ ಸಾಮಾನ್ಯ ಭತ್ತದ ತಳಿಯ 50 ಬೀಜ, ಪ್ರತಿಯೊಂದನ್ನೂ ಮೂರು ಮೂರು ಸಲ. ದಿನಾ ಮೊಳಕೆ ಎಣಿಸು. ಖರ್ಚು ಉಪ್ಪಿನದ್ದು ಮಾತ್ರ, ಅದೂ ಅಡುಗೆಮನೆಯದು. ತೂಕಕ್ಕೆ ಕಾಲೇಜಿನ ರಸಾಯನಶಾಸ್ತ್ರದ ತಕ್ಕಡಿ. ಮೊಳಕೆ ಬಂತು ಅಂದ ಮಾತ್ರಕ್ಕೆ ಗದ್ದೆಯಲ್ಲಿ ತೆನೆ ಬರುತ್ತದೆ ಅಂತಲ್ಲ. ಆ ಮಾತನ್ನೂ ಹೇಳಿಕೆಯಲ್ಲಿ ಸೇರಿಸು, ಅದೇ ನಿನ್ನ ಪ್ರಶ್ನೆಯಾಗಬಹುದು.

ಇದನ್ನು ಓದುವ ಶಿರಸಿ-ಸಿದ್ದಾಪುರದ ಕಡೆಯವರಿಗೂ ಒಂದು ಮಾತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಮದ್ದು ಕಲಸುವುದನ್ನು ವರ್ಷಾ ವರ್ಷಾ ನೋಡಿ, ನನ್ನ ಹತ್ತಿರ ವಿಷಯವೇ ಇಲ್ಲ ಅನ್ನಬೇಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಹದ ಬಂತೋ ಇಲ್ಲವೋ ಅಂತ ಅಜ್ಜ ಕತ್ತಿ ಅದ್ದಿ ನೋಡುತ್ತಿದ್ದರಲ್ಲ, ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಇನ್ನೂ ಬೇಕು. ಅದು ತುತ್ತದಲ್ಲಿರುವ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುವುದು. ಅದೊಂದರಿಂದಲೇ ರಸಾಯನಶಾಸ್ತ್ರದವರಿಗೆ ಒಂದು ಹೇಳಿಕೆಗೆ ಬೇಕಾದಷ್ಟು ಸರಕಿದೆ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕ ಒಂದು ಮರಕ್ಕೆ 2000ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರಿನ ಹೆಸರೇ ಮರಕ್ಕೆ ಹೋಗಿದೆ.

ಇಂಗ್ಲಿಷಿನ ಹೆದರಿಕೆ ಬಿಡು. ಮೊದಲು ಕನ್ನಡದಲ್ಲಿ ಬರೆ, ಒಂದು ವಾಕ್ಯಕ್ಕೆ ಒಂದೇ ಸಂಗತಿ. ಆಮೇಲೆ ಅದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಇಂಗ್ಲಿಷಿಗೆ ತಿರುಗಿಸು. ಅಳೆದೆ, ಎಣಿಸಿದೆ, ಕಂಡಿತು, ಗೊತ್ತಾಗಲಿಲ್ಲ. ಈ ನಾಲ್ಕೈದು ಕ್ರಿಯಾಪದದಲ್ಲಿ ಮುಗಿಯುತ್ತದೆ. ವ್ಯಾಕರಣ ತಿದ್ದಿಸಲು ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸು. ಅವರು 'ಇದು ತೀರಾ ಸಪ್ಪೆ ಆಯಿತಲ್ಲ' ಅಂತ ಎರಡು ಅಲಂಕಾರದ ಸಾಲು ಸೇರಿಸಿಕೊಟ್ಟರೆ ವಿನಯದಿಂದ ತೆಗೆದುಬಿಡು. ಚಾಟ್‌ಜಿಪಿಟಿಗೆ ಕೊಟ್ಟರೂ ಅದೇ ಗತಿ: ಸ್ಪೆಲ್ಲಿಂಗ್ ಸರಿಮಾಡಿಸಿಕೋ, ವಿಷಯ ಮುಟ್ಟಲು ಬಿಡಬೇಡ.

ಶಿಫಾರಸು ಪತ್ರ. ನಮ್ಮ ಕಡೆ ಅರ್ಜಿಗಳು ಹೆಚ್ಚಾಗಿ ಕೆಡುವುದು ಇಲ್ಲಿ. ಪ್ರಿನ್ಸಿಪಾಲರ ಸಹಿ ಇದ್ದರೆ ತೂಕ ಜಾಸ್ತಿ ಅಂದುಕೊಂಡು ಎಲ್ಲರೂ ಅವರ ಬಾಗಿಲಿಗೆ ಹೋಗುತ್ತಾರೆ. ಅವರು ಒಳ್ಳೆಯವರೇ. ಆದರೆ ನಿನ್ನನ್ನು ಅವರು ನೋಡಿರುವುದು ವಾರ್ಷಿಕೋತ್ಸವದಲ್ಲಿ. ಏನು ಬರೆದಾರು? 'ಈಕೆ ನಮ್ಮ ಕಾಲೇಜಿನ ಸಭ್ಯ, ಶಿಸ್ತಿನ ವಿದ್ಯಾರ್ಥಿನಿ.' ಆ ಸಾಲಿಗೆ ಮೂರು ಕಾಸಿನ ಬೆಲೆ ಇಲ್ಲ. ನಿನ್ನ ಮೇಡಂ ನೀನು ಪ್ರಾಕ್ಟಿಕಲ್ಲಿನಲ್ಲಿ ಸ್ಲೈಡ್ ಮಾಡುವುದನ್ನು ನೋಡಿದ್ದಾರೆ, ಬಳಚಿನ ಪುಸ್ತಕ ನೋಡುತ್ತಾರೆ, ಎಲ್ಲಿ ತಪ್ಪಿದೆ ಅಂತ ಹೇಳುತ್ತಾರೆ. ಅವರ ಪತ್ರವೇ ಬೇಕು. ಅತಿಥಿ ಉಪನ್ಯಾಸಕಿ ಆದರೇನು? ನಮ್ಮ ಸರಕಾರಿ ಕಾಲೇಜುಗಳಲ್ಲಿ ಅರ್ಧ ಪಾಠ ನಡೆಯುವುದೇ ಅವರಿಂದ. ಕಾಯಂ ಅಧ್ಯಾಪಕರೇ ಬರೆಯಬೇಕು ಅಂತ ಅಧಿಸೂಚನೆಯಲ್ಲಿ ಇದ್ದರೆ ಮಾತ್ರ ವಿಭಾಗದ ಮುಖ್ಯಸ್ಥರ ಬಳಿ ಹೋಗು, ಆಗಲೂ ಮೇಡಂ ಹೇಳಿದ ಮಾತು ಪತ್ರದಲ್ಲಿ ಬರುವಂತೆ ನೋಡಿಕೋ.

'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಅನ್ನುವವರೂ ಸಿಗುತ್ತಾರೆ, ಬಹಳ ಜನ ಸಿಗುತ್ತಾರೆ. ಜಗಳ ಆಡಬೇಡ. ಪತ್ರ ಬರೆಯುವ ಬದಲು ಒಂದು ಪುಟದ ಟಿಪ್ಪಣಿ ಕೊಡು: ಯಾವ ಸೆಮಿಸ್ಟರಿನಲ್ಲಿ ಯಾವ ಪ್ರಾಕ್ಟಿಕಲ್ ಮಾಡಿದೆ, ಸೆಮಿನಾರಿನಲ್ಲಿ ಏನು ಹೇಳಿದೆ, ಅಳತೆ ಶುರು ಮಾಡಿದ್ದು ಯಾವಾಗ, ಮೊದಲು ಎಲ್ಲಿ ಎಡವಿದೆ, ಹೇಗೆ ಸರಿಪಡಿಸಿದೆ, ಯಾವ ಕಾರ್ಯಕ್ರಮ, ಕೊನೇ ದಿನ ಯಾವುದು. ಅದನ್ನು ನೋಡಿಕೊಂಡು ಅವರೇ ನಾಲ್ಕು ಸಾಲು ಬರೆಯಲಿ. ನಿನ್ನ ಬಗ್ಗೆ ನೀನೇ 'ಅಸಾಧಾರಣ ಪ್ರತಿಭೆ' ಅಂತ ಬರೆದರೆ ನಿನ್ನ ಹೇಳಿಕೆಯ ಇಂಗ್ಲಿಷೂ ಪತ್ರದ ಇಂಗ್ಲಿಷೂ ಒಂದೇ ಅಂತ ಓದುವವರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಕೊನೇ ದಿನಕ್ಕೆ ಮೂರು ವಾರ ಮೊದಲೇ ಕೇಳು.

ಇನ್ನೊಂದು. ಈಗ ಎಷ್ಟೋ ಕಡೆ ಶಿಫಾರಸನ್ನು ವಿದ್ಯಾರ್ಥಿಯ ಕೈಗೆ ಕೊಡುವುದಿಲ್ಲ. ಅಧ್ಯಾಪಕರ ಇಮೇಲಿಗೆ ಒಂದು ಲಿಂಕ್ ಹೋಗುತ್ತದೆ, ಅವರು ಅಲ್ಲೇ ಹಾಕಬೇಕು. ಮೇಡಂ ದಿನಾ ವಾಟ್ಸಾಪ್ ನೋಡುತ್ತಾರೆ, ಮೇಲ್ ನೋಡುವುದು ಪರೀಕ್ಷಾ ವಿಭಾಗದಿಂದ ಫೋನು ಬಂದಾಗ. ಲಿಂಕು ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ಅರ್ಜಿ ಸಲ್ಲಿಸಿದ ದಿನವೇ ಹೋಗಿ, ಅವರ ಪಕ್ಕದಲ್ಲಿ ನಿಂತು, ಸ್ಪ್ಯಾಮ್ ಫೋಲ್ಡರ್ ತೆಗೆಸಿ ನೋಡು. ಸಂಕೋಚ ಬೇಡ. ಹೇಳಿಕೆ ಚೆನ್ನಾಗಿದ್ದು, ಅಂಕ ಚೆನ್ನಾಗಿದ್ದು, ಶಿಫಾರಸು ಬರದೇ ಅಪೂರ್ಣ ಅಂತ ಬಿದ್ದುಹೋದ ಅರ್ಜಿಗಳನ್ನು ಕಂಡಿದ್ದೇನೆ.

ಮನೆಯ ಒಪ್ಪಿಗೆ. ಬೆಂಗಳೂರೇ ಆಗಬೇಕು ಅಂತೇನಿಲ್ಲ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, ಅದರ ಕೇಂದ್ರವೂ ಅಲ್ಲಿದೆ. ಚಿಪ್ಪುಜೀವಿಗಳ ಬಗ್ಗೆ ಕೇಳಲು ಅವರಿಗಿಂತ ಹತ್ತಿರದವರು ನಿನಗಿಲ್ಲ. ಗಡಿ ದಾಟಿದರೆ ಗೋವೆಯ ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ. ಕುಮಟೆಯಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಕ್ಷೇತ್ರ ಕೇಂದ್ರ ಇಟ್ಟುಕೊಂಡು ಜಿಲ್ಲೆಯ ಕಾಡು, ಹೊಳೆ, ದೇವರಕಾಡುಗಳ ಮೇಲೆ ಕೆಲಸ ಮಾಡಿದ್ದಾರೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಎಷ್ಟೋ ಕೆಲಸಕ್ಕೆ ನಮ್ಮ ಜಿಲ್ಲೆಯೇ ನೆಲ, ಅದರಲ್ಲಿ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಜೋಡಿಸಿದ್ದರು.

ಇಂಥ ಕಡೆಗೆ ಫಾರಂ ತುಂಬುವುದಕ್ಕಿಂತ ನೇರವಾಗಿ ಒಬ್ಬ ವಿಜ್ಞಾನಿಗೆ ಪತ್ರ ಬರೆಯುವುದೇ ಹೆಚ್ಚು ನಡೆಯುತ್ತದೆ. ಒಬ್ಬರಿಗೆ. ಒಂದೇ ಮೇಲ್ ನಲವತ್ತು ಜನಕ್ಕೆ ಹೋದರೆ ನಲವತ್ತೂ ಜನ ಅಳಿಸುತ್ತಾರೆ. ಅವರ ಒಂದು ಪ್ರಬಂಧದ ಸಾರಾಂಶವನ್ನಾದರೂ ಓದು, ಪೂರ್ತಿ ಅರ್ಥವಾಗದಿದ್ದರೂ ಚಿಂತೆ ಇಲ್ಲ. ಮೇಲಿನಲ್ಲಿ ನಾನು ಯಾರು ಅಂತ ಎರಡು ಸಾಲು, ಏನು ಅಳೆದಿದ್ದೇನೆ ಅಂತ ಮೂರು ಸಾಲು, ಯಾವ ತಿಂಗಳಿಂದ ಯಾವ ತಿಂಗಳ ತನಕ ಬರಬಲ್ಲೆ ಅಂತ ಒಂದು ಸಾಲು. ಅಳತೆಯ ಪುಟದ ಒಂದು ಫೋಟೋ ಲಗತ್ತಿಸು. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸು. ಆಮೇಲೂ ಬರದಿದ್ದರೆ ಇನ್ನೊಬ್ಬರಿಗೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡನ್ನೂ ಮಾಡು: ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿಯೂ ಇರಲಿ, ಕಾರವಾರ ಅಥವಾ ಗೋವೆಗೆ ಪತ್ರವೂ ಹೋಗಲಿ. ಎರಡೂ ಸಿಕ್ಕರೆ ಸಂಸ್ಥೆಯ ಹೆಸರು ನೋಡಿ ಆರಿಸಬೇಡ. ನಿನಗೆ ಯಾರು ಕಲಿಸುತ್ತಾರೆ ಅಂತ ಕೇಳಿಕೋ. ದೊಡ್ಡ ಲ್ಯಾಬಿನಲ್ಲಿ ಗೈಡ್ ವಿದೇಶದಲ್ಲಿದ್ದು, ಪಿಎಚ್‌ಡಿ ಹುಡುಗರಿಗೆ ಪುರುಸೊತ್ತಿಲ್ಲದೆ, ಎರಡು ತಿಂಗಳು ಗಾಜಿನ ಪಾತ್ರೆ ತೊಳೆದು ಬಂದವರೂ ಇದ್ದಾರೆ. ಸಣ್ಣ ಕೇಂದ್ರದಲ್ಲಿ ದಿನಾ ಸಂಜೆ ಗೈಡ್ ಜೊತೆ ಕೂತು ಲೆಕ್ಕ ನೋಡಿದವರೂ ಇದ್ದಾರೆ.

ಬೆಂಗಳೂರಿಗೇ ಆಯ್ಕೆಯಾದರೆ ಅಪ್ಪನ ಹತ್ತಿರ ಮಾತಾಡುವಾಗ 'ಫೆಲೋಶಿಪ್' ಅಂತ ಮಾತ್ರ ಹೇಳಿ ಬಿಡಬೇಡ. ಆಯ್ಕೆಪತ್ರ ತೋರಿಸು, ಹಾಸ್ಟೆಲ್ ಎಲ್ಲಿ, ಹೆಣ್ಣುಮಕ್ಕಳಿಗೆ ಬೇರೆ ಇದೆಯೇ ಅಂತ ಸಂಸ್ಥೆಯ ಆಫೀಸಿಗೆ ಫೋನು ಮಾಡಿ ಅಪ್ಪನ ಎದುರಿಗೇ ಕೇಳು. ಮೇಡಂ ಒಂದು ಸಲ ಮನೆಗೆ ಬಂದು ಹೇಳಿದರೆ ಅರ್ಧ ಕೆಲಸ ಆದಂತೆ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಕುಮಟೆಯಲ್ಲಿ ಹತ್ತಿದರೆ ಬೆಳಿಗ್ಗೆ ಯಶವಂತಪುರ, ಮೊದಲ ಸಲ ಅಪ್ಪನೇ ಬಂದು ಬಿಟ್ಟುಹೋಗಲಿ. ದುಡ್ಡಿನ ಬಗ್ಗೆ ಒಂದು ಎಚ್ಚರ: ಶಿಷ್ಯವೇತನ ಬರುತ್ತದೆ ನಿಜ, ಆದರೆ ಹೋದ ದಿನವೇ ಬರುವುದಿಲ್ಲ. ತಿಂಗಳು ಮುಗಿದ ಮೇಲೋ, ವರದಿ ಒಪ್ಪಿಸಿದ ಮೇಲೋ ಬ್ಯಾಂಕಿಗೆ ಬೀಳುತ್ತದೆ, ರೈಲು ಟಿಕೆಟಿನ ದುಡ್ಡು ಇನ್ನೂ ತಡ. ಮೊದಲ ತಿಂಗಳ ಊಟ-ವಸತಿಗೆ ಬೇಕಾದಷ್ಟು ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡು.

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಯಾವಾಗ ಅಂತ ವಿಶ್ವವಿದ್ಯಾಲಯಕ್ಕೂ ಮೊದಲೇ ಹೇಳಲು ಆಗುವುದಿಲ್ಲ, ಮುಂದೆ ಹೋಗುತ್ತಲೇ ಇರುತ್ತದೆ. ಫೆಲೋಶಿಪ್ ನಡುವೆ ಪರೀಕ್ಷೆ ಬಂದರೆ ಏನು ಮಾಡುವುದು ಅಂತ ಆಯ್ಕೆಯಾದ ದಿನವೇ ಗೈಡ್‌ಗೆ ಬರೆದು ಕೇಳು. ಒಂದು ವಾರ ಬಿಟ್ಟುಕೊಡುವವರು ಇದ್ದಾರೆ, ದಿನಾಂಕ ಹಿಂದುಮುಂದು ಮಾಡುವವರೂ ಇದ್ದಾರೆ. ಹೇಳದೆ ಕೇಳದೆ ನಡುವೆ ಎದ್ದುಬಂದರೆ ಮಾತ್ರ ನಿನ್ನ ಕಾಲೇಜಿನ ಮುಂದಿನ ಹುಡುಗಿಗೆ ತೊಂದರೆ. ಪ್ರಿನ್ಸಿಪಾಲರಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ, ಬೇಕಾಗುತ್ತದೆ, ಆಗ ಅವರ ಸಹಿ ಉಪಯೋಗಕ್ಕೆ ಬರುತ್ತದೆ.

ನಿನ್ನ ಪತ್ರದಲ್ಲಿ ಕೇಳದಿದ್ದರೂ ಒಂದು ಹೇಳಬೇಕು, ಏಕೆಂದರೆ ಅರ್ಜಿ ಹುಡುಕಲು ಕೂತ ಕೂಡಲೇ ನಿನ್ನ ಮೊಬೈಲಿಗೆ ಅದೇ ಬರತೊಡಗುತ್ತದೆ. 'ಸಂಶೋಧನಾ ಇಂಟರ್ನ್‌ಶಿಪ್, ಇಷ್ಟು ಸಾವಿರ ಕಟ್ಟಿ, ಸರ್ಟಿಫಿಕೇ‌ಟ್ ಖಾತರಿ.' ನಾನು ಮೇಲೆ ಹೇಳಿದ ಫೆಲೋಶಿಪ್‌ಗಳಲ್ಲಿ ನಿನಗೆ ಅವರು ಕೊಡುತ್ತಾರೆ, ನೀನು ಅವರಿಗೆ ಕೊಡುವುದಲ್ಲ. ಸರ್ಟಿಫಿಕೇಟಿಗೆ ಖಾತರಿ ಇದ್ದಲ್ಲಿ ಕಲಿಕೆಗೆ ಖಾತರಿ ಇರುವುದಿಲ್ಲ. ಆ ದುಡ್ಡಿಗೆ ಉಪ್ಪಿನಂಶ ಅಳೆಯುವ ಸಣ್ಣ ರಿಫ್ರಾಕ್ಟೋಮೀಟರ್ ಒಂದನ್ನು ನಿನ್ನ ವಿಭಾಗಕ್ಕೆ ತರಿಸಬಹುದು, ಹೊಳೆಯ ನೀರು ಮಳೆಗಾಲದಲ್ಲಿ ಸಿಹಿಯಾಗಿ ಬೇಸಿಗೆಗೆ ಉಪ್ಪಾಗುವುದು ನಿನ್ನ ಬಳಚಿನ ಪಟ್ಟಿಯ ಪಕ್ಕದಲ್ಲೇ ಬರುತ್ತದೆ.

ಈ ವರ್ಷ ಸಿಗದೆಯೂ ಇರಬಹುದು. ಬಂದ ಅರ್ಜಿಗಳಿಗೆ ಹೋಲಿಸಿದರೆ ಜಾಗ ಕಡಿಮೆ, ಒಳ್ಳೆಯ ಅರ್ಜಿಗಳೂ ಬಿದ್ದುಹೋಗುತ್ತವೆ. ಹಾಗಾದರೆ ಅಳತೆ ನಿಲ್ಲಿಸಬೇಡ. ಮುಂದಿನ ಮಳೆಗಾಲ ದಾಟಿದರೆ ನಿನ್ನ ಕೈಯಲ್ಲಿ ಒಂದು ಪೂರ್ತಿ ವರ್ಷದ ಲೆಕ್ಕ ಇರುತ್ತದೆ, ಅಷ್ಟು ಇದ್ದರೆ ಎಂಎಸ್ಸಿ ಸಂದರ್ಶನದಲ್ಲಿ ಮಾತಿಗೆ ತಡಕಾಡಬೇಕಿಲ್ಲ.

ಹೇಳಿಕೆಯ ಕರಡು ಬರೆದ ಮೇಲೆ ಕಳಿಸು, ನೋಡಿ ಹೇಳುತ್ತೇನೆ. ಜೊತೆಗೆ ಅಳತೆಯ ಪುಟವೂ ಇರಲಿ. ಕೊನೇ ದಿನದ ಹಿಂದಿನ ರಾತ್ರಿ ಹನ್ನೊಂದಕ್ಕೆ ಮಾತ್ರ ಕಳಿಸಬೇಡ.